ಹದಿನಾರನೇ ಟ್ರ್ಯಾಕಿನ ಮಿಡಿತ: ಡಾನಾ ಸಮ್ಮರ್ ಅವರ 1977ರ ಆಲ್ಬಮ್, ಒಂದು ಪ್ರಕರಣ ಅಧ್ಯಯನ

1977ರ ಮೇ ತಿಂಗಳಲ್ಲಿ ಅಮೆರಿಕದ ಗಾಯಕಿ, ಗೀತಕಾರ್ತಿ ಡಾನಾ ಸಮ್ಮರ್ ಅವರ ಐದನೇ ಸ್ಟುಡಿಯೋ ಆಲ್ಬಮ್ ‘ಐ ರಿಮೆಂಬರ್ ಯೆಸ್ಟರ್‌ಡೇ’ ಹೊರಬಂತು. ಎರಡು ಮುಖ, ಎಂಟು ಹಾಡು. ಎಂಟನೆಯದು ‘ಐ ಫೀಲ್ ಲವ್’. 5 ನಿಮಿಷ 53 ಸೆಕೆಂಡಿನ ಆ ಹಾಡಿನಲ್ಲಿ ಮನುಷ್ಯರು ನೇರವಾಗಿ ಮಾಡಿದ ಸದ್ದು ಎರಡೇ: ಗಾಯಕಿಯ ದನಿ, ಮತ್ತು ಕಿಕ್ ಡ್ರಮ್ಮಿನ ಪೆಡಲ್ ಒತ್ತಿದ ಒಂದು ಕಾಲು. ಮಿಕ್ಕಿದ್ದೆಲ್ಲ ಮೂಗ್ ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ.

ಇದನ್ನು ‘ಯಂತ್ರ ಹಾಡಿದ ಹಾಡು’ ಎಂದು ಕರೆಯುವುದು ವಾಡಿಕೆ. ಒಂದೊಂದೇ ಪದರ ಬಿಡಿಸಿ ಕೇಳಿದರೆ ಆ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಯಂತ್ರ ಹೆಜ್ಜೆಹೆಜ್ಜೆಗೂ ಕೈಕೊಡುತ್ತಿತ್ತು. ಅದು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ, ಅದರಿಂದ ಗುದ್ದು ಹೊರಡುತ್ತಿರಲಿಲ್ಲ, ತಾನೇ ಒಮ್ಮೆ ನುಡಿಸಿದ್ದರ ಜೊತೆಗೆ ತಾನೇ ಲಯ ಹೊಂದಿಸಲು ಅದಕ್ಕೆ ಬರುತ್ತಿರಲಿಲ್ಲ. ಒಂದೊಂದು ಕೊರತೆಗೂ ಸ್ಟುಡಿಯೋದಲ್ಲಿ ಒಂದೊಂದು ಉಪಾಯ ಹುಡುಕಿದರು. ಆ ಉಪಾಯಗಳೇ ಹಾಡಿನ ನಾದವಾದವು. ಎಲ್ಲಕ್ಕೂ ತಳಪಾಯವಾದದ್ದು ಟೇಪಿನ ಹದಿನಾರನೇ ಟ್ರ್ಯಾಕಿನಲ್ಲಿ (ಟೇಪಿನ ಉದ್ದಕ್ಕೂ ಪಕ್ಕಪಕ್ಕದಲ್ಲಿ ಓಡುವ ಮುದ್ರಣದ ಪಟ್ಟಿಗಳಲ್ಲಿ ಕೊನೆಯದು) ಮುದ್ರಿಸಿದ ಒಂದು ಮಿಡಿತ. ಕೇಳುಗರ ಕಿವಿಗೆ ಅದು ಬೀಳುವುದೇ ಇಲ್ಲ.

ಡಾನಾ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1948ರ ಡಿಸೆಂಬರ್ 31ರಂದು. 1968ರಲ್ಲಿ ಒಂದು ಸಂಗೀತ ನಾಟಕದಲ್ಲಿ ಪಾತ್ರ ಮಾಡಲು ಮ್ಯೂನಿಕ್‌ಗೆ ಹೋದವರು ಅಲ್ಲೇ ನೆಲೆನಿಂತರು. ಅಲ್ಲಿ ಅವರಿಗೆ ಜೊತೆಯಾದ ಸಂಗೀತ ನಿರ್ಮಾಪಕರು ಇಟಲಿಯ ದಕ್ಷಿಣ ಟಿರೋಲ್‌ನಿಂದ ಬಂದ ಜಾರ್ಜಿಯೋ ಮೊರೊಡೆರ್ ಮತ್ತು ಇಂಗ್ಲೆಂಡಿನ ಪೀಟ್ ಬೆಲ್ಲೊಟ್. 1975ರಲ್ಲಿ ಈ ಮೂವರ ಒಂದೇ ಹಾಡು ಎಲ್‌ಪಿಯ ಇಡೀ ಒಂದು ಮುಖವನ್ನು, ಸುಮಾರು 17 ನಿಮಿಷ, ತುಂಬಿಕೊಂಡು ಹೆಸರು ಮಾಡಿತ್ತು. ಹೊಸ ಆಲ್ಬಮ್ಮಿಗೆ ಹಾಕಿಕೊಂಡ ಯೋಜನೆ ಬೇರೆ: ಒಂದೊಂದು ಹಾಡು ಒಂದೊಂದು ಕಾಲದ ಉಡುಪು ತೊಟ್ಟಿರಬೇಕು. ಶೀರ್ಷಿಕೆ ಹಾಡಿಗೆ 1940ರ ದಶಕದ ಬಿಗ್ ಬ್ಯಾಂಡ್ ತುತ್ತೂರಿ, ‘ಲವ್ಸ್ ಅನ್‌ಕೈಂಡ್’ ಹಾಡಿಗೆ 1950ರ ದಶಕದ ಹುಡುಗಿಯರ ಮೇಳದ ಧಾಟಿ, ‘ಬ್ಯಾಕ್ ಇನ್ ಲವ್ ಅಗೇನ್’ ಹಾಡಿಗೆ 1960ರ ದಶಕದ ಡೆಟ್ರಾಯ್ಟ್ ಸೋಲ್. ಎರಡನೇ ಮುಖದಲ್ಲಿ ಆಗಿನ ವರ್ತಮಾನದ ಕುಣಿತದ ಸಂಗೀತ, ಫಂಕ್ ಮತ್ತು ಡಿಸ್ಕೊ. ಕಟ್ಟಕಡೆಗೆ ಭವಿಷ್ಯ. ಮೊದಲ ಮುಖದ ಹಾಡುಗಳು ಮೇಲ್ನೋಟಕ್ಕೆ ಹಳೆಯವು, ಕೆಳಗೆ ಎಲ್ಲಕ್ಕೂ ಡಿಸ್ಕೊದ ಬಡಿತವೇ. ಚೆನ್ನಾಗಿ ಹೊಲಿದ ಬಟ್ಟೆಗಳು ಅವು, ಅದಕ್ಕಿಂತ ಹೆಚ್ಚಿನ ಸಾಹಸವೇನೂ ಅಲ್ಲಿಲ್ಲ. ಆದರೆ ಆ ಮೂರು ದಶಕಗಳನ್ನು ದಾಟಿ ಬಂದ ಕಿವಿಗೆ ಎಂಟನೇ ಹಾಡು ಕೊಡುವ ಬೆಚ್ಚು, ಅದನ್ನು ಬಿಡಿಯಾಗಿ ಕೇಳಿದರೆ ಸಿಗುವುದಿಲ್ಲ. ಈಗ ಹೆಚ್ಚಿನವರು ಬಿಡಿಯಾಗಿಯೇ ಕೇಳುತ್ತಾರೆ. ಅದೊಂದು ನಷ್ಟ.

ಆ ಹೊತ್ತಿನ ಡಿಸ್ಕೊ ಎಂದರೆ ಹೇಗಿತ್ತು ಎಂದು ತಿಳಿಯಲು ನಮ್ಮವರದೇ ಒಂದು ಉದಾಹರಣೆ ಸಾಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಲಂಡನ್ ಸೇರಿದ ಬಿದ್ದು ನಿರ್ಮಿಸಿ, ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ 1976ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಅದು ಬೇಸ್ ಗಿಟಾರು, ಡ್ರಮ್ಮು, ಪಿಟೀಲು ಮೇಳವನ್ನು ಜನ ಕೂತು ನುಡಿಸಿದ ಡಿಸ್ಕೊ. ಮರುವರ್ಷವೇ ಅದೇ ಪಟ್ಟಿಯ ಅದೇ ಸ್ಥಾನಕ್ಕೆ ಬೇಸ್ ಗಿಟಾರೇ ಇಲ್ಲದ, ಪಿಟೀಲೇ ಇಲ್ಲದ ಹಾಡೊಂದು ಬಂದು ಕೂತಿತು.

ಕೆಲಸ ನಡೆದದ್ದು ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ, ಅರಬೆಲ್ಲಾ ಎಂಬ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ. ಎಂಜಿನಿಯರ್ ಯೂರ್ಗೆನ್ ಕೊಪ್ಪರ್ಸ್. ಬಿಡಿ ಘಟಕಗಳನ್ನು ಜೋಡಿಸಿದ ಮೂಗ್ ಮಾಡ್ಯುಲರ್ ಮೊರೊಡೆರ್ ಅವರ ಸ್ವಂತದ್ದಲ್ಲ. ಅದು ಎಬರ್‌ಹಾರ್ಡ್ ಶೋನರ್ ಎಂಬ ಶಾಸ್ತ್ರೀಯ ಸಂಗೀತಗಾರರದು. ಅದನ್ನು ಬಲ್ಲವರು ಅವರ ಸಹಾಯಕ ರಾಬಿ ವೇಡೆಲ್. ಮೊರೊಡೆರ್ 1970ರ ದಶಕದ ಆರಂಭದಲ್ಲೇ ತಮ್ಮ ಹಾಡುಗಳಲ್ಲಿ ಮೂಗ್ ಬಳಸಿದ್ದರು, ಆದರೆ ಬೇರೆ ವಾದ್ಯಗಳ ನಡುವೆ ಒಗ್ಗರಣೆಯಂತೆ. ಈ ಸಲ ಅಡುಗೆಯೇ ಅದರದು.

ಮೊದಲ ತೊಡಕು ಲಯದ್ದು. ಮೂಗ್ ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುವ ವಾದ್ಯ. ಬೇಸ್, ಅಂದರೆ ಮಂದ್ರದ ಎಳೆ, ಬೇಕೆಂದರೆ ಒಮ್ಮೆ ಮುದ್ರಿಸಬೇಕು, ಅದರ ಮೇಲೆ ಇನ್ನೊಂದು ಎಳೆ ಬೇಕೆಂದರೆ ಟೇಪು ಹಿಂದಕ್ಕೆ ಸುತ್ತಿ ಮತ್ತೊಮ್ಮೆ, ತಾಳದ ಸದ್ದಿಗೆ ಮಗದೊಮ್ಮೆ. ಸ್ವರಗಳ ಸಾಲನ್ನು ಸೀಕ್ವೆನ್ಸರ್ ನುಡಿಸುತ್ತದೆ: ಮೂಗ್ ಸೀಕ್ವೆನ್ಸರಿನಲ್ಲಿ 8 ಹಂತಗಳ 3 ಸಾಲು ತಿರುಪುಗಳಿರುತ್ತವೆ, ಒಂದೊಂದು ತಿರುಪು ಒಂದೊಂದು ವೋಲ್ಟೇಜ್, ಆ ವೋಲ್ಟೇಜೇ ಸ್ವರವನ್ನು ಗೊತ್ತುಮಾಡುತ್ತದೆ. ಹಂತದಿಂದ ಹಂತಕ್ಕೆ ದಾಟಿಸುವ ಗಡಿಯಾರವೂ ಅದರೊಳಗೇ ಇದೆ, ಅದೂ ಒಂದು ಆಸಿಲೇಟರೇ, ಒಂದೇ ಸಮನೆ ಕಂಪಿಸುವ ವಿದ್ಯುತ್ ಭಾಗ. ಆ ಗಡಿಯಾರ ಎರಡನೇ ಸಲ ನುಡಿಸುವಾಗ ಸಾವಿರದಲ್ಲಿ ಒಂದು ಪಾಲು ಹಿಂದೆ ಬಿದ್ದರೂ ಸಾಕು. 353 ಸೆಕೆಂಡಿನ ಹಾಡಿನ ಕೊನೆಗೆ 0.35 ಸೆಕೆಂಡು ವ್ಯತ್ಯಾಸ ಕೂಡುತ್ತದೆ. ಹಾಡಿನ ಲಯ ನಿಮಿಷಕ್ಕೆ ಸುಮಾರು 128 ಬಡಿತ. ಒಂದು ಬಡಿತವನ್ನು ನಾಲ್ಕಾಗಿ ಸೀಳಿದರೆ ಕಾಲುಭಾಗಕ್ಕೆ 117 ಮಿಲಿಸೆಕೆಂಡು. ಅಂದರೆ ಮೂರು ಕಾಲುಭಾಗದಷ್ಟು ಲಯ ಜಾರಿರುತ್ತದೆ, ಎರಡು ಪದರ ಒಂದರ ಮೇಲೊಂದು ಎಡವುತ್ತವೆ.

ವೇಡೆಲ್ ಇದಕ್ಕೆ ತೋರಿಸಿದ ದಾರಿ ಸರಳ, ಮತ್ತು ಆವರೆಗೆ ಮೊರೊಡೆರ್‌ಗೆ ಗೊತ್ತಿರದಿದ್ದದ್ದು. 16 ಟ್ರ್ಯಾಕಿನ ಟೇಪಿನಲ್ಲಿ ಕೊನೆಯ ಟ್ರ್ಯಾಕಿಗೆ ಸಂಗೀತ ಹಾಕದೆ ಬರೀ ಮಿಡಿತವನ್ನು ಮುದ್ರಿಸಿದರು. ಮುಂದೆ ಪ್ರತಿ ಸಲವೂ ಟೇಪು ಓಡುವಾಗ ಆ ಮಿಡಿತವೇ ಸೀಕ್ವೆನ್ಸರನ್ನು ಹಂತ ದಾಟಿಸಬೇಕು, ಒಳಗಿನ ಗಡಿಯಾರಕ್ಕೆ ಕೆಲಸವಿಲ್ಲ. ಇದರ ಸೊಗಸು ಎಲ್ಲಿದೆಯೆಂದರೆ, ಟೇಪಿನ ವೇಗ ಒಂದಿಷ್ಟು ಹೆಚ್ಚುಕಡಿಮೆ ಆದರೂ ಏನೂ ಕೆಡುವುದಿಲ್ಲ. ಮೊದಲು ಮುದ್ರಿಸಿದ ಸ್ವರಗಳೂ ಮಿಡಿತವೂ ಒಂದೇ ಟೇಪಿನ ಮೇಲಿವೆ, ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ. ಹಾಡುವವರೇ ತಾಳವನ್ನೂ ಹಾಕಿಕೊಂಡಂತೆ.

ಹೀಗೆ ಕೆಲಸ ಮಾಡುವವರು ಗಮನಿಸಬೇಕಾದ ಮೂರು ಸಂಗತಿಗಳಿವೆ. ಮಿಡಿತವನ್ನು ಅಂಚಿನ ಟ್ರ್ಯಾಕಿಗೇ ಹಾಕುವುದು ಒಳ್ಳೆಯದು, ಏಕೆಂದರೆ ಚೂಪಾದ ‘ಟಿಕ್’ ಸದ್ದು ಪಕ್ಕದ ಟ್ರ್ಯಾಕಿಗೆ ಸೋರುತ್ತದೆ, ಅಂಚಿನದಕ್ಕೆ ಒಂದೇ ನೆರೆ. ಎರಡನೆಯದು, ಮಿಡಿತವನ್ನು ಓದುವಾಗ ಟೇಪ್ ಯಂತ್ರದ ಮುದ್ರಣದ ಹೆಡ್ಡಿನಿಂದಲೇ (ಟೇಪಿಗೆ ತಾಗಿ ಮುದ್ರಿಸುವ ತುದಿ) ಓದಬೇಕು. ಕೇಳಿಸುವ ಹೆಡ್ಡು ಕೆಲವು ಸೆಂಟಿಮೀಟರ್ ಆಚೆಗಿದೆ, ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿರುವಾಗ 4 ಸೆಂಟಿಮೀಟರ್ ಎಂದರೆ 105 ಮಿಲಿಸೆಕೆಂಡು ತಡ, ಇಡೀ ಪದರ ಹೆಚ್ಚುಕಡಿಮೆ ಒಂದು ಕಾಲುಭಾಗ ಹಿಂದೆ ಕೂರುತ್ತದೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕಾಡುವಂಥದು: ಹಾಡಿನ ನಡುವಿನಿಂದ ಟೇಪು ಓಡಿಸಿದರೆ, ತಾನು ಎಷ್ಟನೇ ಹಂತದಲ್ಲಿರಬೇಕು ಎಂಬುದು ಸೀಕ್ವೆನ್ಸರಿಗೆ ಗೊತ್ತಿಲ್ಲ. ಮಿಡಿತ ಲಯವನ್ನು ಹೇಳುತ್ತದೆಯೇ ಹೊರತು ಸ್ಥಾನವನ್ನು ಹೇಳುವುದಿಲ್ಲ. ಪ್ರತಿ ಸಲವೂ ಕೈಯಿಂದ ಒಂದನೇ ಹಂತಕ್ಕೆ ತಂದು ನಿಲ್ಲಿಸಿ, ಆವರ್ತದ ತಲೆಯಲ್ಲೇ ಬಿಡಬೇಕು. ಸಮ ತಪ್ಪಿದರೆ ಆ ತುಂಡು ಪೂರ್ತಿ ವ್ಯರ್ಥ.

ನಡುವಿನಿಂದ ಏಕೆ ಓಡಿಸಬೇಕಿತ್ತು? ಇದು ಎರಡನೇ ತೊಡಕು, ಶ್ರುತಿಯದ್ದು. ಆ ಮೂಗ್ 20–30 ಸೆಕೆಂಡು ನುಡಿಯುವಷ್ಟರಲ್ಲಿ ಶ್ರುತಿ ತಪ್ಪುತ್ತಿತ್ತು. ಒಂದು ತುಂಡು ಮುದ್ರಿಸುವುದು, ನಿಲ್ಲಿಸುವುದು, ಶ್ರುತಿ ಸೇರಿಸುವುದು, ಸ್ವಲ್ಪ ಹಿಂದೆ ಸುತ್ತಿ ಅಲ್ಲಿಂದ ಮುಂದುವರಿಸುವುದು. ಐದು ಮುಕ್ಕಾಲು ನಿಮಿಷ ಮೀರಿದ ಹಾಡಿನ ಒಂದೇ ಒಂದು ಪದರಕ್ಕೆ ಹೀಗೆ ಲೆಕ್ಕ ಹಾಕಿದರೆ 12ರಿಂದ 18 ತುಂಡು. ಕಚೇರಿಯಲ್ಲಿ ತಂಬೂರಿ ಇಳಿದರೆ ಹಾಡಿನ ನಡುವೆಯೇ ಬಿರಡೆ ತಿರುಗಿಸಬಹುದು. ಇಲ್ಲಿ ಹಾಡನ್ನೇ ನಿಲ್ಲಿಸಬೇಕು.

ಶ್ರುತಿ ಜಾರುವುದು ಏಕೆಂದರೆ, ಮೂಗ್‌ನಲ್ಲಿ ಒಂದು ಸ್ಥಾಯಿಗೆ 1 ವೋಲ್ಟ್. ಹಾಗಾಗಿ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ ಇರುವ ಅಂತರ ಬರೀ 83 ಮಿಲಿವೋಲ್ಟ್. ಎಂಟು ಮಿಲಿವೋಲ್ಟ್ ಆಚೀಚೆಯಾದರೆ ಒಂದು ಸ್ವರಸ್ಥಾನದ ಹತ್ತನೇ ಒಂದು ಭಾಗದಷ್ಟು ಶ್ರುತಿ ಹೋಯಿತು. ವೋಲ್ಟೇಜನ್ನು ಸ್ವರದ ಕಂಪನಕ್ಕೆ ಪರಿವರ್ತಿಸುವ ಕೆಲಸ ಟ್ರಾನ್ಸಿಸ್ಟರಿನದು, ಅದು ಬಿಸಿಗೆ ಬಲು ಸೂಕ್ಷ್ಮ. ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಅದರ ಅಳತೆ ಶೇಕಡಾ 0.33ರಷ್ಟು ಬದಲಾಗುತ್ತದೆ. ಆಧಾರದಿಂದ ಮೂರು ಸ್ಥಾಯಿ ಮೇಲಿನ ಸ್ವರದಲ್ಲಿ ಅದು ಸ್ವರಸ್ಥಾನದ ಎಂಟನೇ ಒಂದು ಭಾಗ ಮುಟ್ಟುತ್ತದೆ. ಪೆಟ್ಟಿಗೆಯೊಳಗಿನ ವಿದ್ಯುತ್ ಭಾಗಗಳೇ ಕಾಯುತ್ತಿರುವಾಗ ಒಂದು ಡಿಗ್ರಿ ಏನೇನೂ ಅಲ್ಲ.

ಒಂಟಿ ಎಳೆಯಾಗಿದ್ದರೆ ಇಷ್ಟು ಜಾರಿಕೆ ಕೇಳುಗರಿಗೆ ತಿಳಿಯದೆಯೂ ಹೋಗಬಹುದಿತ್ತು. ಆದರೆ ಈ ಹಾಡು ಉದ್ದಕ್ಕೂ ಷಡ್ಜವನ್ನು ಹಿಡಿದು ನಿಂತದ್ದು, ನಡುನಡುವೆ ಮಾತ್ರ ಇಡೀ ಸಾಲು ಮೇಲಕ್ಕೆ ಸರಿದು ಮತ್ತೆ ಇಳಿಯುತ್ತದೆ. ಶ್ರುತಿ ನಿಂತ ಸಂಗೀತದಲ್ಲಿ ಅಪಶ್ರುತಿಗೆ ಅಡಗಲು ಜಾಗವಿಲ್ಲ ಎಂಬುದು ನಮಗೆ ಹೊಸತಲ್ಲ. 65 ಹರ್ಟ್ಜ್‌ನ ಮಂದ್ರದಲ್ಲಿ ಎರಡು ಪದರಗಳ ನಡುವೆ ಸ್ವರಸ್ಥಾನದ ಹತ್ತನೇ ಒಂದರಷ್ಟು ಅಂತರವಿದ್ದರೆ ಎರಡೂವರೆ ಸೆಕೆಂಡಿಗೊಮ್ಮೆ ನಿಧಾನವಾದ ಅಲೆ ಏಳುತ್ತದೆ, ಅದು ಚಂದವೇ. ಎರಡು ಸ್ಥಾಯಿ ಮೇಲೆ, 261 ಹರ್ಟ್ಜ್‌ನಲ್ಲಿ, ಅದೇ ಅಂತರ ಸೆಕೆಂಡಿಗೆ ಒಂದೂವರೆ ಸಲ ಕುಲುಕುತ್ತದೆ. ಅಲ್ಲಿ ಅದು ದೋಷ. ಹಾಡಿನ ಬೇಸ್‌ನಲ್ಲಿ ಇಂದಿಗೂ ಕೇಳುವ ಉಸಿರಾಟದಂಥ ಸಣ್ಣ ಅಲುಗಾಟವನ್ನು ಅಚ್ಚುಕಟ್ಟಾದ ಡಿಜಿಟಲ್ ನಕಲುಗಳು ಕಳೆದುಕೊಂಡಿವೆ. ಅವು ಸಪ್ಪೆಯಾಗಲು ಇದೇ ದೊಡ್ಡ ಕಾರಣ.

ಸ್ನೇರ್, ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಚುರುಕು ಡ್ರಮ್ಮು ಮತ್ತು ಜೋಡಿ ತಾಳ) ಎರಡನ್ನೂ ಮೂಗ್‌ನ ಬಿಳಿ ಗದ್ದಲದಿಂದಲೇ ಮಾಡಿದರು, ಖಾಲಿ ರೇಡಿಯೋದ ‘ಶ್‌ಶ್’ ಸದ್ದಿನಂಥದ್ದು ಅದು. ಅದನ್ನು ಎನ್ವೆಲಪ್‌ನಿಂದ (ಸದ್ದಿನ ಏರಿಳಿತವನ್ನು ಆಳುವ ಭಾಗ) ತುಂಡರಿಸಿದರೆ ‘ತ್ಸ್’ ಎಂಬ ತಾಳವಾಗುತ್ತದೆ. ಕಿಕ್ ಮಾತ್ರ ಮೂಗ್‌ನಿಂದ ಬರಲಿಲ್ಲ. ಸದ್ದು ಬರುತ್ತಿತ್ತು, ಎದೆಗೆ ಗುದ್ದುತ್ತಿರಲಿಲ್ಲ. ಆಗ ಡ್ರಮ್ಮರ್ ಕೀತ್ ಫೋರ್ಸಿಯನ್ನು ಕೂರಿಸಿ, ಬೇರೇನನ್ನೂ ಬಾರಿಸದೆ ಕಿಕ್ ಒಂದನ್ನೇ ಬಡಿಸಿದರು. ಹಾಡಿನ ಉದ್ದಕ್ಕೆ ಲೆಕ್ಕ ಹಾಕಿದರೆ ಸುಮಾರು 750 ಬಡಿತಗಳ ಜಾಗ. ಕೈಗೆ ಕೆಲಸವಿಲ್ಲದೆ ಒಂದೇ ಕಾಲಿನಿಂದ, ಯಂತ್ರ ಎಳೆದ ಗೆರೆಯ ಮೇಲೆ ಅಷ್ಟು ಹೊತ್ತು ನಡೆಯುವುದು ಡ್ರಮ್ಮರ್‌ಗೆ ಸುಲಭದ ಮಾತಲ್ಲ, ದೇಹ ಸಹಜವಾಗಿಯೇ ಉರುಳಿಕೆ, ಮುಕ್ತಾಯಗಳನ್ನು ಬೇಡುತ್ತದೆ. ಮಿಕ್ಕೆಲ್ಲ ಮಿಡಿತಕ್ಕೆ ಕಟ್ಟುಬಿದ್ದಿರುವಾಗ ಕಿಕ್ ಒಂದರಲ್ಲಿ ಉಳಿದ ಕೂದಲೆಳೆಯ ಏರುಪೇರು ಹಾಡಿಗೆ ಮೈ ಕೊಟ್ಟಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಡನ್ನು ಹಾಡಾಗಿಸಿದ ಒಂದೇ ಒಂದು ತಂತ್ರ ಹೇಳಿ ಎಂದರೆ ಬೇಸ್‌ನ ಡಿಲೇಯನ್ನು, ಅಂದರೆ ತಡವಾಗಿ ಬರುವ ಮರುದನಿಯನ್ನು, ಹೇಳಬೇಕು. ಕಿಕ್ ಒಂದನೇ ಕಾಲದಲ್ಲಿದೆ, ಬಡಿತಕ್ಕೊಂದು. ಮೂಗ್‌ನ ಬೇಸ್ ಎರಡನೇ ಕಾಲದಲ್ಲಿದೆ, ಬಡಿತಕ್ಕೆರಡು. ಆ ಬೇಸನ್ನು ಎಡ ಸ್ಪೀಕರಿಗೆ ಕೊಟ್ಟು, ಅದರದೇ ಪ್ರತಿಯನ್ನು ಕಾಲುಬಡಿತ ತಡಮಾಡಿ ಬಲ ಸ್ಪೀಕರಿಗೆ ಕೊಟ್ಟಿದ್ದಾರೆ. ಎಡದ ಎರಡು ಸ್ವರಗಳ ಸಂದಿಯಲ್ಲಿ ಬಲದ ಸ್ವರ ಬಂದು ಕೂರುತ್ತದೆ. ಕಿವಿಗೆ ಕೇಳುವುದು ಮೂರನೇ ಕಾಲ, ಬಡಿತಕ್ಕೆ ನಾಲ್ಕು. ಯಾರೂ ಆ ವೇಗದಲ್ಲಿ ನುಡಿಸಿಲ್ಲ, ಯಂತ್ರವೂ ನುಡಿಸಿಲ್ಲ. ಓಟ ಹುಟ್ಟುವುದು ಕೇಳುಗರ ಎರಡು ಕಿವಿಗಳ ನಡುವೆ.

ಇದಕ್ಕೊಂದು ಬೆಲೆಯೂ ಇತ್ತು. ಕ್ಲಬ್ಬಿನಲ್ಲಿ ಒಂದು ಸ್ಪೀಕರಿನ ಬುಡದಲ್ಲೇ ನಿಂತವರಿಗೆ ಅರ್ಧ ಬೇಸ್ ಮಾತ್ರ ಕೇಳುತ್ತದೆ. ಬಲಗಡೆ ನಿಂತವರಿಗಂತೂ ಬೇಸ್ ಬಡಿತದ ಸಂದಿಯಲ್ಲೇ ಬಿದ್ದು ತಾಳ ತಿರುಗಿದಂತೆ ಅನ್ನಿಸಬಹುದು. ಎಲ್‌ಪಿ ಕೊರೆಯುವವರಿಗೂ ಇದು ತಲೆನೋವಿನ ವಿಷಯ: ಮಂದ್ರ ಸ್ವರ ನಡುವಿನಲ್ಲಿದ್ದರೆ ಸೂಜಿ ಅಡ್ಡಡ್ಡ ಆಡುತ್ತದೆ, ಎಡ-ಬಲ ಬೇರೆಬೇರೆಯಾದರೆ ಮೇಲೆ-ಕೆಳಗೂ ಆಡುತ್ತದೆ, ಮಂದ್ರದ ಆಟ ಹೆಚ್ಚಾದರೆ ಗೀರಿನಿಂದ ಸೂಜಿ ಎಗರುತ್ತದೆ. ಕಿಕ್ ನಡುವಿನಲ್ಲಿರುವುದು ಅಲ್ಲಿ ಒಂದು ಲಂಗರು.

ಆಲ್ಬಮ್ಮಿನ ಯೋಜನೆಗೆ ಹಾಡು ಕೊನೆಯಲ್ಲಿರಲೇಬೇಕಿತ್ತು, ಆದರೆ ತಟ್ಟೆಯ ಮೇಲೆ ಅದು ಅತಿ ಕೆಟ್ಟ ಜಾಗ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ತಟ್ಟೆಯ ಹೊರಗಿನ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸರಿಯುತ್ತದೆ, ಒಳಗಿನ ಕಟ್ಟಕಡೆಯ ಗೀರು ಬರೀ 21. ಅಷ್ಟು ಕಡಿಮೆ ಜಾಗದಲ್ಲಿ ಹೈ-ಹ್ಯಾಟಿನಂಥ ಚೂಪು ಸದ್ದು ಮಸುಕಾಗುತ್ತದೆ, ‘ಸ’ಕಾರಗಳು ಒಡೆಯುತ್ತವೆ. ಎರಡನೇ ಮುಖದ ಒಟ್ಟು ಉದ್ದ 18 ನಿಮಿಷ 37 ಸೆಕೆಂಡು ಮಾತ್ರ ಇದ್ದದ್ದು ಪುಣ್ಯ. ಮುಂದೆ ಇದೇ ಹಾಡು 8 ನಿಮಿಷಕ್ಕೂ ಹಿಗ್ಗಿ 12 ಇಂಚಿನ ಸಿಂಗಲ್ಲಾಗಿ (ಬಿಡಿ ಹಾಡಿನ ತಟ್ಟೆ) ಬಂದಾಗ ಅದಕ್ಕೆ ಬೇಕಾದ ಜಾಗ ಸಿಕ್ಕಿತು. ಡಿಜೆಗಳು ಅದನ್ನೇ ಹಿಡಿದುಕೊಂಡದ್ದು ಸರಿಯಾಗಿಯೇ ಇದೆ.

ಇಷ್ಟೆಲ್ಲ ತಂತ್ರದ ನಡುವೆ ಡಾನಾ ಅವರ ಗಾಯನವನ್ನು ಅಲಂಕಾರವೆಂದು ಬಗೆಯುವವರಿದ್ದಾರೆ. ಅದು ಅನ್ಯಾಯ. ಅದೇ ಆಲ್ಬಮ್ಮಿನ ‘ಲವ್ಸ್ ಅನ್‌ಕೈಂಡ್’ ಕೇಳಿ, ಅಲ್ಲಿ ಚರ್ಚಿನಲ್ಲಿ ಬೆಳೆದ ತುಂಬುಗಂಟಲಿದೆ. ಇಲ್ಲಿ ಅವರು ಎದೆಯ ದನಿಯನ್ನು ಪೂರ್ತಿ ಬಿಟ್ಟು ಮೇಲ್‌ಸ್ಥಾಯಿಯ ತೆಳು ದನಿಯಲ್ಲಿ ಹಾಡುತ್ತಾರೆ. ಸಾಹಿತ್ಯ ಕೆಲವೇ ಸಾಲು. ಕೆಳಗೆ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಸ್ವರ ಓಡುತ್ತಿರುವಾಗ ಮೇಲೆ ಒಂದೊಂದು ಅಕ್ಷರವನ್ನು ಬಾರುಗಟ್ಟಲೆ (ನಾಲ್ಕು ಬಡಿತಕ್ಕೆ ಒಂದು ಬಾರು) ಎಳೆಯುತ್ತಾರೆ. ಮೂಗ್‌ನ ಸ್ವರಕ್ಕೆ ಚೂಪು ಆರಂಭವಿದೆ, ಅವರ ಸ್ವರಕ್ಕೆ ಆರಂಭವೇ ತಿಳಿಯುವುದಿಲ್ಲ, ಹಬೆಯಂತೆ ಏಳುತ್ತದೆ. ತುಂಬುಗಂಟಲಲ್ಲಿ ಹಾಡಿದ್ದರೆ ದನಿ ಮತ್ತು ಬೇಸ್ ಒಂದೇ ಜಾಗಕ್ಕೆ ಜಗಳವಾಡುತ್ತಿದ್ದವು. ಹಾಡಿನ ರಚನೆಯಲ್ಲಿ ಮೊರೊಡೆರ್, ಬೆಲ್ಲೊಟ್ ಜೊತೆಗೆ ಡಾನಾ ಹೆಸರೂ ಇರುವುದು ಸುಮ್ಮನೆ ಅಲ್ಲ.

ಬಿಡುಗಡೆಯಲ್ಲಿ ಆದ ತಪ್ಪೆಣಿಕೆ ಚಿಕ್ಕದು, ಆದರೆ ಹೇಳಬೇಕಾದದ್ದು. ಮೊದಲ ಸಿಂಗಲ್ಲಿನ ಮುಖ್ಯ ಮುಖಕ್ಕೆ ಹಾಕಿದ್ದು ‘ಕ್ಯಾಂಟ್ ವಿ ಜಸ್ಟ್ ಸಿಟ್ ಡೌನ್’ ಎಂಬ ನಿಧಾನಗತಿಯ ಹಾಡು, ಆಲ್ಬಮ್ಮಿನಲ್ಲಿ ಹೊರಗಿನ ಗೀತಕಾರ ಟೋನಿ ಮೆಕಾಲೆ ಬರೆದದ್ದು. ‘ಐ ಫೀಲ್ ಲವ್’ ಅದರ ಹಿಂಬದಿಯಲ್ಲಿತ್ತು. ಜನ ತಟ್ಟೆ ತಿರುವಿ ಹಿಂಬದಿಯನ್ನೇ ಹಾಕತೊಡಗಿದ ಮೇಲೆ ಅದನ್ನು ಮುಂದಕ್ಕೆ ತಂದರು. 1977ರ ಜುಲೈನಿಂದ ಬ್ರಿಟನ್ನಿನಲ್ಲಿ ನಾಲ್ಕು ವಾರ ಒಂದನೇ ಸ್ಥಾನ, ಅಮೆರಿಕದಲ್ಲಿ ಆರನೇ ಸ್ಥಾನ. ಆಗ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಬಳಿಗೆ ಸಂಗೀತಗಾರ ಬ್ರಯಾನ್ ಈನೋ ಈ ರೆಕಾರ್ಡನ್ನು ಹಿಡಿದು ಓಡಿಬಂದು, ಮುಂದಿನ ಹದಿನೈದು ವರ್ಷದ ಕ್ಲಬ್ ಸಂಗೀತ ಇದೇ ಎಂದದ್ದನ್ನು ಬೋವಿ ನೆನೆದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತಗಾರ ಪ್ಯಾಟ್ರಿಕ್ ಕೌಲಿ ಇದನ್ನು ಹದಿನೈದು ನಿಮಿಷ ಮೀರಿ ಹಿಗ್ಗಿಸಿದ ರೂಪ 1982ರಲ್ಲಿ ಅಧಿಕೃತವಾಗಿ ಹೊರಬಂತು. ವೇಡೆಲ್ ಹೆಸರು ಮಾತ್ರ ಈ ಕಥೆಗಳಲ್ಲಿ ಬಹಳ ಕಾಲ ಕೇಳಲೇ ಇಲ್ಲ.

ಇದನ್ನು ಮನೆಯಲ್ಲಿ ಕಟ್ಟಿ ಕಲಿಯಬೇಕೆನ್ನುವವರಿಗೆ ಈಗ ಕಂಪ್ಯೂಟರೊಂದೇ ಸಾಕು. ಲಯ 128ಕ್ಕೆ ಇಡಿ, ಆಗ 16 ಬಾರು ಸರಿಯಾಗಿ 30 ಸೆಕೆಂಡಾಗುತ್ತದೆ. ಗರಗಸದ ಅಲೆಯ ಒಂದೇ ಆಸಿಲೇಟರು, ಲೋ-ಪಾಸ್ ಫಿಲ್ಟರು (ಮೇಲಿನ ಸದ್ದನ್ನು ತಡೆಯುವುದು), ಎನ್ವೆಲಪ್‌ನ ಆರಂಭ ಸೊನ್ನೆ, ಇಳಿಕೆ 100ರಿಂದ 150 ಮಿಲಿಸೆಕೆಂಡು. ಇಳಿಕೆ ಇದಕ್ಕಿಂತ ಉದ್ದವಾದರೆ ಡಿಲೇ ಕೂಡಿದಾಗ ಸ್ವರಗಳು ಅಂಟಿಕೊಂಡು ಗಂಜಿಯಾಗುತ್ತವೆ. ಬೇಸನ್ನು ಬಡಿತಕ್ಕೆ ಎರಡರಂತೆ ಬರೆಯಿರಿ, ನಾಲ್ಕರಂತೆ ಬರೆಯಬೇಡಿ. ಎಡಕ್ಕೆ ಪೂರ್ತಿ ತಿರುಗಿಸಿ, ಬಲಕ್ಕೆ 117 ಮಿಲಿಸೆಕೆಂಡಿನ ಡಿಲೇ, ಒಂದೇ ಮರುದನಿ, ಮೂಲದಷ್ಟೇ ಗಟ್ಟಿ. ಲಯ 127 ಇಟ್ಟರೆ 118 ಮಿಲಿಸೆಕೆಂಡು. ಡಿಲೇಯನ್ನು ಅಂದಾಜಿನಲ್ಲಿ 125 ಮಿಲಿಸೆಕೆಂಡು ಇಟ್ಟರೆ ಓಟ ಕುಂಟುತ್ತದೆ. ಹೈ-ಹ್ಯಾಟಿಗೆ ಬಿಳಿ ಗದ್ದಲ, ಹೈ-ಪಾಸ್ ಫಿಲ್ಟರು (ಕೆಳಗಿನ ಸದ್ದನ್ನು ತಡೆಯುವುದು), ಇಳಿಕೆ 40 ಮಿಲಿಸೆಕೆಂಡು. ಸ್ನೇರಿಗೆ ಅದೇ ಗದ್ದಲ, ಫಿಲ್ಟರು ಕೆಳಗೆ, ಇಳಿಕೆ 120. ಕಿಕ್‌ಗೆ ನಿಜವಾದ ಡ್ರಮ್ಮಿನ ಸದ್ದನ್ನೇ ತೆಗೆದುಕೊಂಡು ಕೈಯಿಂದ ಬಾರಿಸಿ, ಕಂಪ್ಯೂಟರು ಅದನ್ನು ಗೆರೆಗೆ ಎಳೆಯಲು ಬಿಡಬೇಡಿ. ಕೊನೆಗೆ 16 ಬಾರುಗಳಿಗೊಮ್ಮೆ ಬೇಸ್‌ನ ಶ್ರುತಿಯನ್ನು ಕೂದಲೆಳೆಯಷ್ಟು ಜಾರಲು ಬಿಟ್ಟು ಮತ್ತೆ ಸರಿಗೆ ತನ್ನಿ.

ಕಟ್ಟಿದ ಮೇಲೆ ಬಲ ಸ್ಪೀಕರಿನ ವೈರು ಕಳಚಿ ಒಂದು ನಿಮಿಷ ಕೇಳಿ. ಬೇಸ್ ಕಿಕ್ಕಿನ ಪಕ್ಕದಲ್ಲಿ ಸಾಧಾರಣವಾಗಿ ನಡೆಯುತ್ತಿರುತ್ತದೆ, ಬಡಿತಕ್ಕೆ ಎರಡು. ಹಾಡು ನಿಲ್ಲಿಸದೆ ವೈರು ಮತ್ತೆ ಸಿಕ್ಕಿಸಿ. ಬೇಸ್ ಓಡತೊಡಗುತ್ತದೆ.